ಡಿಎನ್‌ಎ ಹೊಂದಿದ ಮೇಲೂ ವಿಚಾರಣೆ ಯಾಕೆ?

'ಒಂದು ಹನಿ ರಕ್ತ ಸಿಕ್ಕರೆ ಡಿಎನ್‌ಎ ಪರೀಕ್ಷೆ ಅಪರಾಧಿಯನ್ನು ಹಿಡಿದುಕೊಡುತ್ತದೆ ಅಲ್ವಾ? ಮತ್ತೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ಯಾಕೆ?' ಎಂದು ನೀವು ಬರೆದಿದ್ದೀರಿ. ಈ ಸಂದೇಹ ತುಂಬ ಜನರಿಗಿದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಆ ರಕ್ತ ಯಾರದ್ದು ಎಂದು ಡಿಎನ್‌ಎ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಎಂದು ಹೇಳುವುದಿಲ್ಲ.

ನಮ್ಮೆಲ್ಲರ ಡಿಎನ್‌ಎಯಲ್ಲಿ ಶೇಕಡಾ 99ಕ್ಕೂ ಜಾಸ್ತಿ ಭಾಗ ಒಂದೇ ತರಹ ಇರುತ್ತದೆ. ಪ್ರಯೋಗಾಲಯದವರು ನೋಡುವುದು ಒಬ್ಬರಿಂದೊಬ್ಬರಿಗೆ ಬದಲಾಗುವ ಕೆಲವೇ ಜಾಗಗಳನ್ನು. ಅಲ್ಲಿ ಸಾಮಾನ್ಯವಾಗಿ ನಾಲ್ಕು ಅಕ್ಷರಗಳ (ಅಂದರೆ ಡಿಎನ್‌ಎ ಸರಪಳಿಯ ರಾಸಾಯನಿಕ ಘಟಕಗಳ) ಒಂದು ತುಣುಕು ಮತ್ತೆ ಮತ್ತೆ ಬಂದಿರುತ್ತದೆ. ಇದನ್ನು ಎಸ್‌ಟಿಆರ್ ಎನ್ನುತ್ತಾರೆ. ತಾಯಿಯಿಂದ ಬಂದ ಎಳೆಯಲ್ಲಿ ಅದು 11 ಸಲ, ತಂದೆಯಿಂದ ಬಂದದ್ದರಲ್ಲಿ 14 ಸಲ ಇರಬಹುದು. ಈ ಒಂದು ಜೋಡಿ ಬಹಳ ಜನರಲ್ಲಿ ಸಿಗುತ್ತದೆ. ಆದರೆ ಅಮೆರಿಕದಲ್ಲಿ 2017ರಿಂದ ಮಾಡುವಂತೆ 20 ಜಾಗ ನೋಡಿದರೆ, ಎಲ್ಲವೂ ಹೊಂದುವ ಇನ್ನೊಬ್ಬರು ಸಿಗುವುದು ತೀರಾ ಅಪರೂಪ. ತದ್ರೂಪಿ ಅವಳಿಗಳ ಮಾತು ಬೇರೆ.

ಈ ವಿದ್ಯೆ ಹುಟ್ಟಿದ್ದು 1984ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಅವರ ಪ್ರಯೋಗಾಲಯದಲ್ಲಿ. ಅಲ್ಲೇ ಹತ್ತಿರದ ಹಳ್ಳಿಗಳಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. 17 ವರ್ಷದ ಹುಡುಗನೊಬ್ಬ ಒಂದು ಕೊಲೆಯನ್ನು ಒಪ್ಪಿಕೊಂಡೂ ಬಿಟ್ಟಿದ್ದ. ಜೆಫ್ರೀಸ್ ಪರೀಕ್ಷಿಸಿದರು. ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಈ ಹುಡುಗ ಅಲ್ಲ! ಡಿಎನ್‌ಎ ತನ್ನ ಮೊದಲ ಕೊಲೆ ಪ್ರಕರಣದಲ್ಲೇ ಒಬ್ಬ ನಿರಪರಾಧಿಯನ್ನು ಉಳಿಸಿತು. ನನಗೆ ಇದಕ್ಕಿಂತ ದೊಡ್ಡ ಸಾಧನೆ ಕಾಣುವುದಿಲ್ಲ. ಆಮೇಲೆ ಪೊಲೀಸರು ಸುತ್ತಲಿನ ಸಾವಿರಾರು ಗಂಡಸರ ರಕ್ತ ಪಡೆದರು. ಕೊಲೆಗಾರ ತನ್ನ ಬದಲಿಗೆ ಜೊತೆ ಕೆಲಸಗಾರನನ್ನು ಕಳಿಸಿ ತಪ್ಪಿಸಿಕೊಂಡ. ಆ ಕೆಲಸಗಾರ ಪಬ್ಬಿನಲ್ಲಿ ಬಾಯಿಬಿಟ್ಟದ್ದು ಪೊಲೀಸರ ಕಿವಿಗೆ ಬಿದ್ದಾಗಲೇ ಅವನು ಸಿಕ್ಕಿದ್ದು. 1988ರಲ್ಲಿ ಶಿಕ್ಷೆಯಾಯಿತು.

ಎಡವಟ್ಟಿನ ಕಥೆಯೂ ಇದೆ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಸುಮಾರು 40 ಅಪರಾಧಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. 2007ರಲ್ಲಿ ಹೈಲ್‌ಬ್ರಾನ್ ನಗರದಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರ ಕೊಲೆಯಾದಾಗಲೂ ಅವಳದ್ದೇ. ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾಯಿತು: ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳಿಗೇ ಅದು ತಯಾರಿಕೆಯ ಹಂತದಲ್ಲಿ ಅಂಟಿತ್ತು! ಕಡ್ಡಿಗಳನ್ನು ಕ್ರಿಮಿಶುದ್ಧ ಮಾಡಿದ್ದರು, ನಿಜ. ಕ್ರಿಮಿ ಸತ್ತರೂ ಡಿಎನ್‌ಎ ಉಳಿದುಕೊಳ್ಳುತ್ತದೆ. ಈಗಿನ ಪರೀಕ್ಷೆಗೆ ಕೆಲವೇ ಜೀವಕೋಶ ಸಾಕು. ಪಿಸಿಆರ್ ವಿಧಾನ ಅವುಗಳ ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ತಪ್ಪಿ ಸೇರಿದ ಬೇರೆಯವರ ಕೋಶಗಳೂ ಜೊತೆಗೇ ಪ್ರತಿಯಾಗುತ್ತವೆ.

ಆದ್ದರಿಂದಲೇ ಅನೇಕ ಪ್ರಯೋಗಾಲಯಗಳು ತಮ್ಮ ಸಿಬ್ಬಂದಿಯ ಡಿಎನ್‌ಎಯನ್ನೂ ದಾಖಲಿಸಿ ಇಟ್ಟುಕೊಳ್ಳುತ್ತವೆ, ಹೋಲಿಸಿ ನೋಡಲು. ಮಾದರಿ ತೆಗೆದವರು ಯಾರು, ಕೈಗವಸು ಬದಲಿಸಿದ್ದರೇ, ಸೀಲ್ ಮಾಡಿದ್ದು ಯಾವಾಗ, ನಡುವೆ ಯಾರ ಕೈಯಲ್ಲಿತ್ತು ಎಂದು ವಕೀಲರು ಕೆದಕಿ ಕೇಳುವುದೂ ಇದೇ ಕಾರಣಕ್ಕೆ. ನೀವು ಹೇಳಿದ ಆ ವಾದದಲ್ಲಿ ಬಹುಪಾಲು ಸಮಯ ಹಿಡಿಯುವುದು ಇಂಥ ಪ್ರಶ್ನೆಗಳಾದರೆ, ದಯವಿಟ್ಟು ಅದನ್ನು ಸುಮ್ನೆ ಎಳೆದಾಟ ಎಂದುಕೊಳ್ಳಬೇಡಿ.

– ಸಂಪಾದಕ