ಸಂಗೀತ ಪ್ರಶ್ನೋತ್ತರ: ಮೆಲುದನಿಯ ಆಲ್ಬಂ ಮತ್ತೆ ಹೊರಬರುವಾಗ

ಹಾಡುಗಾರರ ಮೊದಲ ಒಂಟಿ (ಸೋಲೊ) ಆಲ್ಬಂ, ಅದರಲ್ಲೂ ವಿಷಾದದ ಹಾಡುಗಳದ್ದು, ಮರುಬಿಡುಗಡೆ ಮಾಡುವ ಬಗ್ಗೆ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಐದನ್ನು ಆರಿಸಿಕೊಂಡಿದ್ದೇವೆ.

ನನ್ನ ಭಾವಗೀತೆಗಳ ಮೊದಲ ಕ್ಯಾಸೆಟ್ 1996ರಲ್ಲಿ ಬಂತು. ಕಂಪನಿ ಈಗಿಲ್ಲ. ನಾನೇ ಮತ್ತೆ ಹೊರತರಬಹುದೆ? (ಶಿವಮೊಗ್ಗ)

ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ನಿಮ್ಮ ಮನೆಗೆ ಬರುವುದಿಲ್ಲ. ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಮೂರಕ್ಕೂ ಬೇರೆಬೇರೆ ಹಕ್ಕು. ಮುದ್ರಣಕ್ಕೆ ಹಣ ಹಾಕಿ ಮುಂದೆ ನಿಂತವರು ಕಂಪನಿಯಾದರೆ ಧ್ವನಿಮುದ್ರಣದ ಮೊದಲ ಒಡೆತನ ಅವರದೇ. 1996ರ ಮುದ್ರಣಕ್ಕೆ 2056ರ ಕೊನೆಯವರೆಗೂ ರಕ್ಷಣೆ ಇರುತ್ತದೆ. ಕಂಪನಿಯ ಆಸ್ತಿ ಯಾರ ಕೈಗೆ ಹೋಯಿತೋ ಅವರ ಲಿಖಿತ ಒಪ್ಪಿಗೆ ಬೇಕು.

ಸ್ಟುಡಿಯೊ ಖರ್ಚು ನೀವೇ ಕೊಟ್ಟು, ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೆ ಮಾತು ಬೇರೆ. ಆ ಕಾಗದ ಹುಡುಕಿ. ಅವಧಿ ನಮೂದಿಸಿರದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೇ ಎಣಿಸುತ್ತದೆ, ಆಮೇಲೆ ಹಕ್ಕು ನಿಮಗೇ ಮರಳುತ್ತದೆ. ಪ್ರದೇಶ ನಮೂದಿಸಿರದಿದ್ದರೆ ಭಾರತ ಎಂದು. ಕವಿಗಳ ಸಾಲುಗಳಿಗೆ ಅವರ ನಿಧನಾನಂತರವೂ 60 ವರ್ಷ ಹಕ್ಕಿರುತ್ತದೆ, ಹಾಗಾಗಿ ಅವರ ಮನೆಯವರನ್ನು ಕೇಳದೆ ಮುಂದುವರಿಯಬೇಡಿ.

ಎಂಬತ್ತರ ದಶಕದ ಸ್ಪೂಲ್ (ಟೇಪಿನ ಸುರುಳಿ) ಹಾಕಿದರೆ ಕೀರಲು ಸದ್ದು, ಟೇಪನ್ನು ಓದುವ ಹೆಡ್ ಮೇಲೆ ಕಂದು ಅಂಟು. ಏನು ಮಾಡಲಿ? (ಮಂಗಳೂರು)

ಮೊದಲು ಮಷಿನ್ ನಿಲ್ಲಿಸಿ. ಇನ್ನೊಂದು ಸುತ್ತು ಓಡಿಸಿದರೆ ಹಾಡೇ ಉದುರಿ ಹೋಗುತ್ತದೆ. ಎಪ್ಪತ್ತರ ದಶಕದ ನಡುವಿನಿಂದ ಬಂದ, ಬೆನ್ನಿಗೂ ಲೇಪವಿದ್ದ ಹಲವು ಟೇಪುಗಳಲ್ಲಿ (ಆಂಪೆಕ್ಸ್ 456 ಹೆಸರುವಾಸಿ) ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಕರಾವಳಿಯಲ್ಲಿ ತೇವಕ್ಕೇನು ಕೊರತೆ!

ಪರಿಹಾರ, ಟೇಪನ್ನು ಹದವಾಗಿ ಬಿಸಿ ಮಾಡುವುದು. ಕಾಲಿಂಚಿನ ಟೇಪಿಗೆ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ, ನಡುನಡುವೆ ಮಗುಚುತ್ತ, ಆಮೇಲೆ ಅಷ್ಟೇ ಹೊತ್ತು ತಣಿಯಲು ಬಿಡಬೇಕು. ಇದಕ್ಕೆ ಉಷ್ಣತೆ ಅಲುಗದ ಪ್ರಯೋಗಾಲಯದ ಇನ್‌ಕ್ಯುಬೇಟರ್ ಬೇಕು. ಅಡುಗೆಮನೆಯ ಓವನ್ ಬೇಡ, ಅದು ಏರಿಳಿಯುತ್ತದೆ. ಗುಣ ಕೆಲವು ವಾರ ಮಾತ್ರ ನಿಲ್ಲುತ್ತದೆ, ಆದ್ದರಿಂದ ಡಿಜಿಟಲ್ ಪ್ರತಿ ತೆಗೆಯುವ ದಿನ ಗೊತ್ತುಮಾಡಿಕೊಂಡೇ ಬಿಸಿಗಿಡಿ.

ಒಂದು ಎಚ್ಚರಿಕೆ: ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಂದರೆ, ವಿನೆಗರ್ ವಾಸನೆ ಇದ್ದರೆ, ಅದು ಹಳೆಯ ಅಸಿಟೇಟ್ ಟೇಪು. ಅದನ್ನು ಬಿಸಿ ಮಾಡಲೇಬಾರದು.

ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ತೆಗೆಯಿರಿ. ಹೆಡ್ಡಿನ ಓರೆಯನ್ನು ಆ ಟೇಪಿಗೇ ಸರಿಹೊಂದಿಸಬೇಕು. ಅದು ತಪ್ಪಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಆಮೇಲೆ ಟ್ರೆಬಲ್ ಎಷ್ಟು ಏರಿಸಿದರೂ ಬರುವುದು ಬರೀ ಸುಯ್ ಸದ್ದು. ಡಬ್ಬಿಯ ಮೇಲೆ ಡಾಲ್ಬಿ ಅಥವಾ ಡಿಬಿಎಕ್ಸ್ (ಸುಯ್ ಸದ್ದು ತಗ್ಗಿಸುವ ವಿಧಾನಗಳು) ಎಂದು ಬರೆದಿದ್ದರೆ ಅದೇ ಡಿಕೋಡರ್ ಬೇಕು.

ಮನೆಯಲ್ಲೇ ಮುದ್ರಿಸಿದ ಆಲ್ಬಂ. ಸುಯ್ ಸದ್ದು, ಗಿಟಾರ್ ತಂತಿಯ ಕಿರ್ರ್ ಎಲ್ಲ ತೆಗೆಸಬೇಕೆ? (ಬೆಂಗಳೂರು)

ಎಲ್ಲವನ್ನೂ ಬೇಡ. ಅಮೆರಿಕದ ಎಲಿಯಟ್ ಸ್ಮಿತ್ ಅವರ ಮೊದಲ ಒಂಟಿ ಆಲ್ಬಂ ‘ರೋಮನ್ ಕ್ಯಾಂಡಲ್’ (1994) ಪೋರ್ಟ್‌ಲ್ಯಾಂಡಿನ ಒಂದು ಮನೆಯ ನೆಲಮಾಳಿಗೆಯಲ್ಲಿ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಣವಾದದ್ದು. 2010ರ ಮರುಬಿಡುಗಡೆಗೆ ಧ್ವನಿ ಎಂಜಿನಿಯರ್ ಲ್ಯಾರಿ ಕ್ರೇನ್ ಕೈಹಾಕಿದ್ದು ಮುಖ್ಯವಾಗಿ ಎರಡು ಕಡೆ: ಕಿವಿಗೆ ಚುಚ್ಚುತ್ತಿದ್ದ ತಂತಿಯ ಕಿರ್ರ್, ಗೀಚುವ ‘ಸ’ಕಾರಗಳು. ಪಿಸುದನಿಯನ್ನು ಪಿಸುದನಿಯಾಗಿಯೇ ಬಿಟ್ಟರು. ಅಳತೆ ಎಂದರೆ ಅದು.

ಸುಯ್ ಸದ್ದನ್ನು ಪೂರ್ತಿ ಅಳಿಸಲು ಹೋದರೆ ಉಸಿರೂ ಕೊಠಡಿಯ ಗುಂಗೂ ಜೊತೆಗೇ ಹೋಗಿ ದನಿ ನೀರೊಳಗಿಂದ ಬಂದಂತಾಗುತ್ತದೆ. ಗಟ್ಟಿಯಾಗಿ ಕೇಳಲೆಂದು ಹಿಂಡುವುದೂ ವ್ಯರ್ಥ: ಸ್ಪಾಟಿಫೈನಂಥವು ಮಾಮೂಲಿಯಾಗಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಸುಮಾರಿಗೆ ಇಳಿಸಿಬಿಡುತ್ತವೆ.

ಮೆಲುದನಿಯ ಆಲ್ಬಂ, ‘ಬೋನಸ್’ ಹಾಡು ಸೇರಿ ಒಟ್ಟು 47 ನಿಮಿಷ. ಒಂದೇ ಎಲ್‌ಪಿಯಲ್ಲಿ ಹಿಡಿಸಬಹುದೆ? (ಧಾರವಾಡ)

ಹಿಡಿಸಬಹುದು, ಆದರೆ ನಿಮ್ಮಂಥ ಮೆಲುದನಿಯ ಆಲ್ಬಮ್ಮಿಗೆ ಬೇಡ. ಒಂದು ಬದಿಗೆ 18ರಿಂದ 20 ನಿಮಿಷ ಹಿತ. ಇಪ್ಪತ್ಮೂರೂವರೆ ನಿಮಿಷ ತುರುಕಲು ಸೂಜಿ ಓಡುವ ಗೀರುಗಳನ್ನು ಕಿರಿದಾಗಿಸಬೇಕು, ಅಂದರೆ ದನಿಯ ಮಟ್ಟ ಇಳಿಸಬೇಕು. ಆಗ ತಟ್ಟೆಯ ಚಟಪಟ ಮುಂದೆ ಬರುತ್ತದೆ. ಎರಡು ತಟ್ಟೆ ಮಾಡಿ, ಇಲ್ಲವೇ ‘ಬೋನಸ್’ ಹಾಡುಗಳನ್ನು ಡಿಜಿಟಲ್‌ಗೆ ಬಿಡಿ. ಮೂಲದಲ್ಲಿ ಇಲ್ಲದ ಹಾಡು ಕೊನೆಯ ಹಾಡಿನ ಮೌನವನ್ನು ಕೆಡಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಸರಿದರೆ, ಒಳಗೆ ಬರೀ 21. ‘ಸ’ಕಾರ ಹೆಚ್ಚಿರುವ ಹಾಡು ಬದಿಯ ಕೊನೆಗೆ ಬಂದರೆ ಸಿಡಿಯುತ್ತದೆ. ಪರೀಕ್ಷಾ ಪ್ರತಿಗಳು (ಪೂರ್ತಿ ಅಚ್ಚಿಗೆ ಮೊದಲು ಒಪ್ಪಿಗೆಗೆ ಕಳಿಸುವ ಮಾದರಿ ತಟ್ಟೆಗಳು) ಬಂದಾಗ ಎಲ್ಲವನ್ನೂ ಕೇಳಿ. ಟಕ್ ಸದ್ದು ಎಲ್ಲದರಲ್ಲೂ ಒಂದೇ ಜಾಗದಲ್ಲಿದ್ದರೆ ದೋಷ ಅಚ್ಚಿನದು, ಮತ್ತೆ ಮಾಡಿಸಿ. ಒಂದರಲ್ಲಿ ಮಾತ್ರ ಇದ್ದರೆ ಆ ಪ್ರತಿಯದು. 180 ಗ್ರಾಂ ತೂಕಕ್ಕೆ ಹೆಚ್ಚು ಹಣ ಕೊಟ್ಟರೆ ಸಿಗುವುದು ತೂಕ.

ಇಪ್ಪತ್ತೈದು ವರ್ಷ ಹಳೆಯ ಇಡೀ ಆಲ್ಬಂ ಹಾಡುತ್ತ ಊರೂರು ಸುತ್ತುವ ಯೋಚನೆ. ಯಾವುದಕ್ಕೆ ಎಚ್ಚರ ವಹಿಸಬೇಕು? (ಮೈಸೂರು)

ಪರೀಕ್ಷಾ ಪ್ರತಿಗೆ ಒಪ್ಪಿಗೆ ಕೊಡುವ ಮೊದಲು ಕಾರ್ಯಕ್ರಮದ ದಿನಾಂಕ ಘೋಷಿಸಬೇಡಿ. ಅಚ್ಚು ತಡವಾದರೆ ಮಾರಲು ತಟ್ಟೆಯೇ ಇಲ್ಲದೆ ಪ್ರವಾಸ ಮುಗಿದಿರುತ್ತದೆ.

ಇಪ್ಪತ್ತೈದು ವರ್ಷದಲ್ಲಿ ದನಿ ಇಳಿದಿರುತ್ತದೆ. ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯ ಹಾಡನ್ನು ಬಿಳಿ ಎರಡಕ್ಕೆ ಇಳಿಸಲು ನಾಚಿಕೆ ಬೇಡ, ಆದರೆ ಒಂದೇ ಹಾಡನ್ನಲ್ಲ, ಅಕ್ಕಪಕ್ಕದವನ್ನೂ ಇಳಿಸಿ. ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗಿನ ಬಣ್ಣ ಬದಲಾಗುತ್ತದೆ. ಪ್ರತಿ ಹಾಡಿಗೂ ತಂತಿಯ ಶ್ರುತಿ ಬೇರೆಯಿದ್ದರೆ ಎರಡು ಗಿಟಾರ್ ಒಯ್ಯಿರಿ. ಹಾಡು ಹಾಡಿನ ನಡುವೆ ಎರಡು ನಿಮಿಷ ಬಿರಡೆ ತಿರುಗಿಸುತ್ತ ಕೂತರೆ ಕಟ್ಟಿದ ಭಾವ ಕರಗುತ್ತದೆ. ‘ಎ’ ಬದಿ ಮುಗಿದಲ್ಲಿ ವಿರಾಮ ಕೊಟ್ಟು, ‘ಬಿ’ ಬದಿಯ ನಂತರ ಬೇರೆ ಹಾಡು ಸೇರಿಸಿದರೆ ಒಂದೂವರೆ ಗಂಟೆ ತುಂಬುತ್ತದೆ.

ಇನ್ನೂರು ಮುನ್ನೂರು ಆಸನದ ನಾಟಕದ ಮನೆಗಳು ಇಂಥ ಹಾಡಿಗೆ ಹೊಂದುತ್ತವೆ. ಶುರುವಾದ ಮೇಲೆ ಬಾಗಿಲು ಹಾಕುವ ಬೆಂಗಳೂರಿನ ರಂಗಶಂಕರದ ಶಿಸ್ತನ್ನು ಬೇರೆ ಊರಲ್ಲೂ ಸಂಘಟಕರಿಂದ ಬರೆಸಿಕೊಳ್ಳಿ. ಸದ್ದಿನ ಪರೀಕ್ಷೆ ಮಾಡುವಾಗ ಸಭಾಂಗಣದ ಫ್ಯಾನುಗಳು ಕಾರ್ಯಕ್ರಮದ ಹೊತ್ತಿನ ವೇಗದಲ್ಲೇ ತಿರುಗುತ್ತಿರಲಿ.