ಕುಕ್ಕರಿನಲ್ಲಿ ಬೇಯಿಸಿದ ಗೆಣಸು ಸಪ್ಪೆಯಾಗುವುದೇಕೆ? ಮನೆಯಲ್ಲಿ ಗೆಣಸನ್ನು ಹೇಗೆಲ್ಲ ಮಾಡಬಹುದು?

ಎರಡು ವಿಷಲ್ ಕೂಗಿಸಿದರೆ ಗೆಣಸು ನೀರುನೀರಾಗಿ ಸಪ್ಪೆಯಾಗುತ್ತದೆ ಎಂದಿದ್ದೀರಿ. ತಪ್ಪು ಗೆಣಸಿನದಲ್ಲ, ಕುಕ್ಕರಿನದು. ಗೆಣಸಿನ ಸಿಹಿಯಲ್ಲಿ ದೊಡ್ಡ ಪಾಲು ಹುಟ್ಟುವುದೇ ಬೇಯುವಾಗ. ಅದರೊಳಗಿನ ಒಂದು ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಈ ಕೆಲಸ ಚುರುಕಾಗಿ ನಡೆಯುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಕುಕ್ಕರ್, ಮೈಕ್ರೋವೇವ್ ಎರಡೂ ಆ ಹಂತವನ್ನು ಸರ್ರನೆ ದಾಟಿಸಿಬಿಡುತ್ತವೆ. ಕಿಣ್ವ ಕೆಟ್ಟು, ಪಿಷ್ಟ ಪಿಷ್ಟವಾಗಿಯೇ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಒಣ ಬಾಣಲೆಯಲ್ಲಿ ಬೇಯಿಸುವುದು. ಎರಡು ಬೆರಳು ದಪ್ಪದ, ಒಂದೇ ಗಾತ್ರದ ಗೆಣಸು ಆರಿಸಿ. ಮಣ್ಣು ಹೋಗುವಂತೆ ತೊಳೆದು, ಪೂರ್ತಿ ಒರೆಸಿ. ಸಿಪ್ಪೆ ತೆಗೆಯಬೇಡಿ, ತುದಿ ಕತ್ತರಿಸಬೇಡಿ. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಒಂದರ ಮೇಲೊಂದು ಬಾರದಂತೆ ಜೋಡಿಸಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ. ನೀರು ಒಂದು ಹನಿಯೂ ಬೇಡ. ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ತಿರುಗಿಸುತ್ತಿದ್ದರೆ 40–45 ನಿಮಿಷಕ್ಕೆ ಆಗುತ್ತದೆ. ಸಿಪ್ಪೆ ಸುಕ್ಕುಗಟ್ಟಿ, ತುದಿಯಲ್ಲಿ ಕಂದು ಬಣ್ಣದ ಅಂಟುರಸ ಒಸರಿ ಕರಕಲಾಗುತ್ತಿದ್ದರೆ ಬೆಂದಿತೆಂದೇ ಲೆಕ್ಕ. ಒಲೆ ಉರಿಸುವವರಿಗೆ ಇಷ್ಟೂ ಬೇಡ, ಬಿಸಿಬೂದಿಯಲ್ಲಿ ಹೂತುಬಿಟ್ಟರೆ ಸಾಕು. ಕೆಂಡದ ಮೇಲೆಯೇ ಇಟ್ಟರೆ ಮಾತ್ರ ಹೊರಗೆ ಇದ್ದಿಲು, ಒಳಗೆ ಹಸಿ.

ಅಷ್ಟು ಹೊತ್ತಿಲ್ಲದಿದ್ದರೆ ಇಡ್ಲಿ ಪಾತ್ರೆ. ತಳದ ನೀರು ತಣ್ಣಗಿರುವಾಗಲೇ ತಟ್ಟೆಯ ಮೇಲೆ ಗೆಣಸಿಟ್ಟು ಹೊತ್ತಿಸಿ, ಮಧ್ಯಮ ಉರಿಯಲ್ಲಿ 30 ನಿಮಿಷ. ನೀರು ಗೆಣಸಿಗೆ ತಾಗಬಾರದು. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಒಂದೇ ಪಾತ್ರೆಯಲ್ಲಿ ಗೆಣಸನ್ನೂ ನೀರಿಗೆ ಹಾಕಿ ಕುದಿಸುತ್ತಾರಲ್ಲ, ಅದರಲ್ಲಿ ಸಿಹಿಯೆಲ್ಲ ನೀರು ಪಾಲು.

ಪಲ್ಯಕ್ಕೆ ಅರ್ಧ ಕೆಜಿ ಗೆಣಸನ್ನು ಒಂದೂವರೆ ಸೆಂಟಿಮೀಟರಿನ ಹೋಳು ಮಾಡಿ ನೀರಿಗೆ ಹಾಕಿಡಿ, ಇಲ್ಲವಾದರೆ ಕಪ್ಪಾಗುತ್ತದೆ. ಎರಡು ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಮೂರು ಹಸಿಮೆಣಸಿನಕಾಯಿ, ಕರಿಬೇವು. ಹೋಳು ಬಸಿದು ಹಾಕಿ, ಉಪ್ಪು ಬೆರೆಸಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಸ್ವಲ್ಪ ನೀರು ಹಾಕಿ. ಒಳಗಿನ ಹಬೆಯಲ್ಲೇ 10–12 ನಿಮಿಷಕ್ಕೆ ಬೇಯುತ್ತದೆ. ಕೊನೆಗೆ ಕಾಯಿತುರಿ, ನಿಂಬೆರಸ. ಹುಳಿ ಕಡಿಮೆಯಾದರೆ ಈ ಪಲ್ಯ ಬಾಯಿಗೆ ಮೊದ್ದು.

ಹೋಳಿಗೆಯಲ್ಲಿ ಎಲ್ಲರೂ ಸೋಲುವುದು ಹೂರಣದ ಹದದಲ್ಲಿ. ಅರ್ಧ ಕೆಜಿ ಗೆಣಸನ್ನು ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಸುಲಿದು, ನಾರು ತೆಗೆದು ನುಣ್ಣಗೆ ಕಿವುಚಿ. 150 ಗ್ರಾಂ ಬೆಲ್ಲದ ಪುಡಿ ಸೇರಿಸಿದ ಕೂಡಲೇ ನೀರಾಗುತ್ತದೆ, ಗಾಬರಿ ಬೇಡ. ಸಣ್ಣ ಉರಿಯಲ್ಲಿ ಮಗುಚುತ್ತಿರಿ. ಚಿಟಿಕೆ ಹೂರಣ ಬೆರಳ ನಡುವೆ ಉರುಳಿಸಿದರೆ ಅಂಟದೆ ಉಂಡೆಯಾಗಬೇಕು. ಆರಿದ ಮೇಲೂ ಸಡಿಲವೆನಿಸಿದರೆ ಎರಡು ಚಮಚ ಹುರಿಗಡಲೆ ಪುಡಿ ಕಲಸಿ. ಕಣಕ ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ, ಎಣ್ಣೆಯಲ್ಲಿ ಎರಡು ಗಂಟೆ ನೆನೆಯಲಿ. ಹೂರಣ ಗಟ್ಟಿ, ಕಣಕ ಸಡಿಲ ಆದರೂ ಕಷ್ಟ; ತಟ್ಟುವಾಗ ಒಡೆಯುತ್ತದೆ.

ಕಾಯಿಹಾಲಿನ ಪಾಯಸಕ್ಕೆ ಒಂದೇ ನಿಯಮ: ಹೋಳು ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಪೂರ್ತಿ ಮೆತ್ತಗಾದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಎಷ್ಟು ಕುದಿಸಿದರೂ ಹೋಳು ಸೆಟೆದುಕೊಂಡೇ ಇರುತ್ತದೆ. ಮೊದಲು ಹಿಂಡಿದ ಗಟ್ಟಿಹಾಲು ಒಲೆ ಆರಿಸಿದ ಮೇಲೆ.

ಕೊಳ್ಳುವಾಗ ಕೆಂಪು ಸಿಪ್ಪೆ, ಬಿಳಿ ತಿರುಳಿನದು ಹೋಳಿಗೆಗೆ ಒಳ್ಳೆಯದು. ಕಿತ್ತಳೆ ತಿರುಳಿನದರಲ್ಲಿ ನೀರು ಜಾಸ್ತಿ. ಫ್ರಿಜ್ಜಿನಲ್ಲಿ ಹಸಿ ಗೆಣಸು ಇಡಬೇಡಿ, ಚಳಿಗೆ ನಡುವಿನ ತಿರುಳು ಗಟ್ಟಿಯಾಗಿ ಬೇಯುವುದೇ ಇಲ್ಲ. ಗಾಳಿಯಾಡುವ ಬುಟ್ಟಿ ಸಾಕು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅಲ್ಲಿ ಮೂತಿಹುಳು ಹೊಕ್ಕಿದೆ. ಅಂಥ ಕಡೆ ಗೆಣಸೇ ಕಹಿ ವಿಷ ಹುಟ್ಟಿಸಿಕೊಳ್ಳುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಕಪ್ಪಾದಷ್ಟನ್ನೇ ಕೆತ್ತಿ ಉಳಿದದ್ದನ್ನು ಬಳಸುವ ಆಸೆ ಬೇಡ, ಒಂದು ಕಹಿ ಹೋಳು ಇಡೀ ಪಾತ್ರೆಯ ಹೂರಣ ಕೆಡಿಸುತ್ತದೆ.