ಯಾವ ಹೂವಿನ ಬಣ್ಣ ಕಂಡರೆ ನಿಮಗೆ ಚಿಕ್ಕಂದಿನ ದಿನಗಳು ನೆನಪಾಗುತ್ತವೆ?

ನನಗೆ ಕಡುಗೆಂಪು ಡೇರೆ ಹೂವು. ಅದೂ ಯಾವಾಗ ಬೇಕಾದರೂ ಅಲ್ಲ, ಮಳೆ ಹಿಡಿದ ದಿನ, ಸಂಜೆ ಹೊತ್ತಲ್ಲಿ ಕಂಡರೆ ಮಾತ್ರ. ಬರೀ ಬಣ್ಣಕ್ಕೆ ಅಷ್ಟು ಶಕ್ತಿ ಇರುತ್ತಾ, ಇದೆಲ್ಲ ಸುಮ್ನೆ ನಮ್ಮ ಕಲ್ಪನೆಯಾ ಅಂತ ನೀವು ಕೇಳಬಹುದು. ಕಲ್ಪನೆ ಅಲ್ಲ. ಆದರೆ ಬರೀ ಬಣ್ಣವೂ ಅಲ್ಲ ಅನ್ನಿಸುತ್ತದೆ.

ನಮ್ಮೂರು ಮಲೆನಾಡಿನ ಸಾಗರದ ಕಡೆ. ಪೇಟೆಯವರು ಡೇಲಿಯಾ ಅನ್ನುವುದನ್ನೇ ನಾವು ಡೇರೆ ಅನ್ನುವುದು. ಗಿಡದ ಮೂಲ ಮೆಕ್ಸಿಕೋ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಅಷ್ಟು ಹಚ್ಚಿಕೊಂಡಿದ್ದಾರೆ. ಮಳೆ ಶುರುವಾಗುವ ಹೊತ್ತಿಗೆ ಗೆಡ್ಡೆ ನೆಡಬೇಕು. ನೀರು ನಿಂತರೆ ಕೊಳೆಯುತ್ತದೆ, ಅದಕ್ಕೇ ಅಂಗಳದ ಅಂಚಲ್ಲಿ ಮಣ್ಣು ಏರಿಸಿ ನೆಡುವುದು. ಗಿಡ ಸೊಂಟದೆತ್ತರ ಬಂದರೆ ಗಾಳಿಗೆ ಮುರಿಯದ ಹಾಗೆ ಅಡಿಕೆ ಮರ ಸೀಳಿದ ದಬ್ಬೆ ಊರಿ ಬಾಳೆನಾರಲ್ಲಿ ಕಟ್ಟುವುದು. ಚೌತಿ ಹೊತ್ತಿಗೆ ತಟ್ಟೆಯಂಥ ಹೂವು. ಒಂದು ಮುಡಿದರೆ ಜಡೆಯಲ್ಲಿ ಇನ್ನೊಂದಕ್ಕೆ ಜಾಗ ಇರುವುದಿಲ್ಲ.

ಡೇರೆ ಗೆಡ್ಡೆಯ ರಾಜಕೀಯವೇ ಬೇರೆ! ಗೆಡ್ಡೆ ಎಷ್ಟೇ ದಪ್ಪ ಇರಲಿ, ಕಾಂಡ ಸೇರುವ ಕಡೆ 'ಕಣ್ಣು' ಇಲ್ಲದಿದ್ದರೆ ಚಿಗುರುವುದಿಲ್ಲ. ಒಂದು ವರ್ಷ ಅಜ್ಜಿಗೆ ಯಾರೋ ಒಳ್ಳೆಯ ಬಣ್ಣದ್ದು ಅಂತ ಮೂರು ಗೆಡ್ಡೆ ಕೊಟ್ಟಿದ್ದರು. ಮೂರಕ್ಕೂ ಕಣ್ಣಿಲ್ಲ. ಬೇಕಂತಲೇ ಹಾಗೆ ಮಾಡಿದ್ದು ಅಂತ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ತೀರ್ಥಹಳ್ಳಿ ಕಡೆ ಯಾರದೋ ಮನೆಯಲ್ಲಿ ನೀಲಿ ಡೇರೆ ಇದೆಯಂತೆ ಅಂತಲೂ ಹುಡುಕಿಸಿದ್ದಳು. ಡೇರೆಯಲ್ಲಿ ಇಲ್ಲದ ಬಣ್ಣ ಅಂದರೆ ಅದೊಂದೇ. ಪಾಪ, ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಅಂಗಳದಲ್ಲಿ ಇದ್ದದ್ದು ಬಿಳಿ, ಹಳದಿ ಮತ್ತು ಈ ಕಡುಗೆಂಪು. ಮಳೆಗಾಲದ ಸಂಜೆ ಕರೆಂಟ್ ಇರುವುದೇ ಅಪರೂಪ. ಜಗಲಿಯಲ್ಲಿ ಕೂತು ನೋಡಿದರೆ ಬಿಳಿ ಹೂವು ಎದ್ದು ಕಾಣುತ್ತಿತ್ತು. ಕೆಂಪು ಹೂವು ಮಾತ್ರ ಕಪ್ಪಗೆ, ಗಿಡದಲ್ಲಿ ತೂತು ಕೊರೆದ ಹಾಗೆ. ಅದರ ಸುತ್ತಲಿನ ಎಲೆಗಳೇ ಹೂವಿಗಿಂತ ತಿಳಿಯಾಗಿ ಕಾಣುತ್ತಿದ್ದವು. ನಾನು ಹೂವು ಕಪ್ಪು ಅಂತ ವಾದ ಮಾಡುತ್ತಿದ್ದೆ. "ಕಪ್ಪಲ್ಲ ಮಾರಾಯ್ತಿ, ಬೆಳಿಗ್ಗೆ ಎದ್ದು ನೋಡು" ಅನ್ನುತ್ತಿದ್ದಳು ಅಜ್ಜಿ. ಬೆಳಿಗ್ಗೆ ನೋಡಿದರೆ ಕೆಂಪೇ. ರಾತ್ರಿ ಹೂವು ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಬಹಳ ವರ್ಷಗಳ ಮೇಲೆ ಇದಕ್ಕೊಂದು ಹೆಸರಿದೆ ಅಂತ ಗೊತ್ತಾಯಿತು: ಪುರ್ಕಿನ್ಯೆ ಪರಿಣಾಮ. ಬೊಹೀಮಿಯಾದ, ಅಂದರೆ ಈಗಿನ ಜೆಕ್ ದೇಶದ ವಿಜ್ಞಾನಿ ಯಾನ್ ಪುರ್ಕಿನ್ಯೆ 1819ರಲ್ಲಿ ಇದನ್ನು ಗಮನಿಸಿದ್ದ, ಅದೂ ಹೂವು ನೋಡಿಯೇ. ಹಗಲಲ್ಲಿ ಕೆಂಪಗೆ ಹೊಳೆಯುವ ಹೂವು ನಸುಕಿನಲ್ಲಿ ಕಪ್ಪಾಗಿ ಕಾಣುತ್ತದಲ್ಲ ಅಂತ. ನಮ್ಮ ಕಣ್ಣಲ್ಲಿ ಎರಡು ಬಗೆಯ ಕೋಶಗಳಿವೆ. ಒಂದು ಒಳ್ಳೆಯ ಬೆಳಕಲ್ಲಿ ಬಣ್ಣ ಗುರುತಿಸುತ್ತದೆ, ಇನ್ನೊಂದು ಮಬ್ಬಲ್ಲಿ ಕೆಲಸ ಮಾಡುತ್ತದೆ. ಈ ಎರಡನೆಯದಕ್ಕೆ ಕೆಂಪು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಅಂದರೆ ನಾನು ಹೇಳಿದ್ದೂ ಸುಳ್ಳಲ್ಲ, ಅಜ್ಜಿ ಹೇಳಿದ್ದೂ ಸುಳ್ಳಲ್ಲ.

ಅದಕ್ಕೇ ಹೇಳಿದ್ದು, ಬರೀ ಬಣ್ಣ ಅಲ್ಲ ಅಂತ. ಆಗಸ್ಟ್ 15ರ ಹೊತ್ತಿಗೆ ಲಾಲ್‌ಬಾಗ್ ಫ್ಲವರ್ ಶೋಗೆ ಎಷ್ಟೋ ಸಲ ಹೋಗಿದ್ದೇನೆ. ಗಾಜಿನ ಮನೆಯಲ್ಲಿ ನಮ್ಮ ಅಂಗಳದ್ದಕ್ಕಿಂತ ದೊಡ್ಡ, ಚಂದದ ಡೇರೆ ನೋಡಿದ್ದೇನೆ. ಫೋಟೋ ತೆಗೆದುಕೊಂಡೆ, ಮನೆಗೆ ಬಂದೆ. ಏನೂ ಆಗಲಿಲ್ಲ.

ಹೋದ ವರ್ಷ ಊರಿಂದ ಒಂದು ಗೆಡ್ಡೆ ತಂದು, ಕಣ್ಣು ನೋಡಿಕೊಂಡೇ ತಂದು, ಇಲ್ಲಿ ಬಾಲ್ಕನಿಯ ಕುಂಡದಲ್ಲಿ ನೆಟ್ಟೆ. ದಬ್ಬೆ ಎಲ್ಲಿ ಸಿಗಬೇಕು? ಹಳೇ ಕರ್ಟನ್ ರಾಡ್ ಊರಿದೆ. ಬಿಟ್ಟಿದ್ದು ಒಂದೇ ಹೂವು, ಅಂಗೈಯಷ್ಟು. ನಾಲ್ಕು ದಿನ ನೋಡಿ ಸುಮ್ಮನಾದೆ. ಐದನೇ ದಿನ ಸಂಜೆ ಜೋರು ಮಳೆ, ಕರೆಂಟ್ ಹೋಯಿತು. ಒಣಗಿಸಿದ್ದ ಬಟ್ಟೆ ತೆಗೆಯಲು ಬಾಲ್ಕನಿಗೆ ಓಡಿದೆ. ಹೂವು ಕಪ್ಪಗೆ ನಿಂತಿತ್ತು. ಜಗಲಿಯ ತಣ್ಣನೆ ಕೆಂಪು ನೆಲ, ಬಚ್ಚಲ ಒಲೆಯ ಹೊಗೆ, ಸೂರಿನ ದಂಬೆಯಿಂದ ಹಂಡೆಗೆ ಬೀಳುವ ಮಳೆನೀರಿನ ಸದ್ದು, ಅಜ್ಜಿ ಕೆಮ್ಮಿದ್ದು, ಎಲ್ಲ ಒಟ್ಟಿಗೇ ಬಂತು. ಒದ್ದೆ ಟವೆಲ್ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಕೆಳಗೆ ಜನರೇಟರ್ ಶುರುವಾಗಿ ಟ್ಯೂಬ್‌ಲೈಟ್ ಹತ್ತಿತು. ಹೂವು ಕೆಂಪಾಯಿತು.